ಯಾವ ಕಂಪ್ಯೂಟರ್ ಕೊಳ್ಳಲಿ ಎಂದು ಕೇಳುವವರಿಗೆ

ಕಳೆದ ತಿಂಗಳು ಚೆನ್ನೈಯ ಗೆಳೆಯರೊಬ್ಬರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. ಮೂಲ ಹೊನ್ನಾವರದ ಕಡೆಯವರು, ಸಮುದ್ರ ಅವರಿಗೆ ಹೊಸದಲ್ಲ. ಮೂರು ವರ್ಷದ ಹಿಂದೆ ರೀಬ್ರೀದರ್ ಕಲಿತು, ಹಳೆಯದೊಂದು ಯಂತ್ರವನ್ನು ಕೈಬದಲಿಯಲ್ಲಿ ಕೊಂಡಿದ್ದಾರೆ. ಈಗ ಅದಕ್ಕೊಂದು ಹೊಸ ಡೈವ್ ಕಂಪ್ಯೂಟರ್ ಬೇಕು. ನಾಲ್ಕು ಮಾದರಿ ಆರಿಸಿ, ಕೋಷ್ಟಕ ಹಾಕಿಟ್ಟಿದ್ದರು. ಪರದೆಯ ಗಾತ್ರ, ಬಣ್ಣ, ಬ್ಲೂಟೂತ್, ಎಷ್ಟು ಡೈವ್ ನೆನಪಿಟ್ಟುಕೊಳ್ಳುತ್ತದೆ, ದಿನವೂ ಕೈಗೆ ಕಟ್ಟಿಕೊಳ್ಳಬಹುದೇ, ಎದೆಬಡಿತ ತೋರಿಸುತ್ತದೆಯೇ. "ನೀನು ಒಂದು ಹೆಸರು ಹೇಳಿಬಿಡು, ಮಾರಾಯ, ನಾಳೆಯೇ ಆರ್ಡರ್ ಮಾಡುತ್ತೇನೆ" ಎಂದರು.

ನಾನು ಹೆಸರು ಹೇಳಲಿಲ್ಲ. ಅವರಿಗೆ ಬೇಸರವಾಯಿತು. ಆ ಬೇಸರ ಕಳೆಯಲು, ಜೊತೆಗೆ ಇದೇ ಪ್ರಶ್ನೆಯನ್ನು ಇದೇ ರೀತಿ ಕೇಳುವ ಇನ್ನಷ್ಟು ಜನರೊಡನೆ ಜಗಳವಾಡಲು ಈ ಬರಹ. ನನ್ನ ತಕರಾರು ಇಷ್ಟೇ: ನಾವು ಡೈವ್ ಕಂಪ್ಯೂಟರನ್ನು ಅದು ಸರಿಯಾಗಿ ಕೆಲಸ ಮಾಡುವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳುತ್ತೇವೆ. ಸರಿಯಿರುವ ದಿನ ಎಲ್ಲ ಕಂಪ್ಯೂಟರುಗಳೂ ಒಳ್ಳೆಯವೇ. ಕೊಳ್ಳಬೇಕಾದದ್ದು ಅದು ತಪ್ಪುವ ದಿನಕ್ಕಾಗಿ. ತಪ್ಪಿದಾಗ ಅದು ಹೇಗೆ ತಪ್ಪುತ್ತದೆ, ತಪ್ಪಿದ್ದು ನಿಮಗೆ ಗೊತ್ತಾಗುತ್ತದೆಯೇ, ಗೊತ್ತಾದ ಮೇಲೆ ನಿಮ್ಮ ಮಾತು ಕೇಳುತ್ತದೆಯೇ? ಗೆಳೆಯರ ಕೋಷ್ಟಕದಲ್ಲಿ ಈ ಮೂರಕ್ಕೂ ಕಾಲಂ ಇರಲಿಲ್ಲ.

ನೀರಿಗಿಳಿಯದ ಓದುಗರಿಗೆ ನಾಲ್ಕು ಮಾತು. ಸಾಮಾನ್ಯ ಸ್ಕೂಬಾದಲ್ಲಿ ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೆ ಹೋಗುತ್ತದೆ. ರೀಬ್ರೀದರ್‌ನಲ್ಲಿ ಅದೇ ಉಸಿರು ಸುತ್ತಿ ವಾಪಸ್ ಬರುತ್ತದೆ. ದಾರಿಯಲ್ಲಿ ಸೋಡಾ ಸುಣ್ಣದ ಡಬ್ಬಿಯೊಂದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ದೇಹ ಖರ್ಚು ಮಾಡಿದಷ್ಟು ಆಮ್ಲಜನಕವನ್ನು ಪುಟ್ಟ ಸಿಲಿಂಡರಿನಿಂದ ಮತ್ತೆ ಸೇರಿಸುತ್ತೇವೆ, ಕೆಲವು ಯಂತ್ರಗಳಲ್ಲಿ ತಾನಾಗಿ, ಕೆಲವದರಲ್ಲಿ ಕೈಯಿಂದ. ಅನಿಲ ಉಳಿಯುತ್ತದೆ, ಸದ್ದಿಲ್ಲ, ಮೀನು ಹತ್ತಿರ ಬರುತ್ತವೆ, ಗಂಟೆಗಟ್ಟಲೆ ಇರಬಹುದು. ಬೆಲೆ ಏನೆಂದರೆ, ಆ ಸುತ್ತಿನಲ್ಲಿ ಈ ಕ್ಷಣ ಎಷ್ಟು ಆಮ್ಲಜನಕವಿದೆ ಎಂಬುದು ನಿಮ್ಮ ಮೂಗಿಗೂ ನಾಲಿಗೆಗೂ ತಿಳಿಯುವುದಿಲ್ಲ. ನೆಲದ ಮೇಲೆ ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಆಂಶಿಕ ಒತ್ತಡ 0.21 ಬಾರ್. 0.16ಕ್ಕಿಂತ ಕೆಳಗಿಳಿದರೆ ಪ್ರಜ್ಞೆ ತಪ್ಪುವ ದಾರಿ. 1.6 ದಾಟಿದರೆ ಸೆಳೆತ ಬರುವ ಅಪಾಯ. ಎರಡಕ್ಕೂ ಮುನ್ಸೂಚನೆ ಸಿಗಲೇಬೇಕೆಂದಿಲ್ಲ. ಈ ಮೇಲಿನ ಗಡಿಯನ್ನು ಹುಡುಕಲು ತಮ್ಮ ಮೈಯನ್ನೇ ಕೊಟ್ಟವರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಒಬ್ಬರು. ಒತ್ತಡದ ಕೋಣೆಯಲ್ಲಿ ಆಮ್ಲಜನಕ ಉಸಿರಾಡಿ ಸೆಳೆತ ಬರಿಸಿಕೊಂಡ ಮನುಷ್ಯ. ಮುಂದೆ ಅವರೇ ಭಾರತಕ್ಕೆ ಬಂದು, ಇಲ್ಲಿಯ ಪೌರರಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಇದು ಒಂದು ಲೆಕ್ಕ. ಇನ್ನೊಂದು ಲೆಕ್ಕ ಉಳಿದ ಅನಿಲದ್ದು. ಆಳದಲ್ಲಿ ಸಾರಜನಕ, ಹೀಲಿಯಂ ಮೈಯೊಳಗೆ ಕರಗುತ್ತವೆ. ಮೇಲೆ ಬರುವಾಗ ನಿಂತು ನಿಂತು ಬಂದರೆ ಸದ್ದಿಲ್ಲದೆ ಹೊರಹೋಗುತ್ತವೆ, ಅವಸರ ಮಾಡಿದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯಾಗುತ್ತವೆ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳುವುದೇ ಕಂಪ್ಯೂಟರಿನ ಕೆಲಸ. ಇಲ್ಲಿ ಒಂದು ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕೆನಿಸುತ್ತದೆ: ಅದು ನಿಮ್ಮ ರಕ್ತವನ್ನು ನೋಡುವುದಿಲ್ಲ. ಆಳವನ್ನು ಅಳೆಯುತ್ತದೆ, ಹೊತ್ತನ್ನು ಅಳೆಯುತ್ತದೆ, ಮಿಕ್ಕದ್ದೆಲ್ಲ ಗಣಿತ. ನಮ್ಮ ಪಂಚಾಂಗ ಇದ್ದ ಹಾಗೆ. ಪಂಚಾಂಗ ಆಕಾಶ ನೋಡಿ ತಿಥಿ ಹೇಳುವುದಿಲ್ಲ, ಲೆಕ್ಕ ನೋಡಿ ಹೇಳುತ್ತದೆ. ಲೆಕ್ಕಕ್ಕೆ ಯಾವ ಅಂಕಿ ಹಾಕಿದಿರಿ ಎಂಬುದರ ಮೇಲೆ ಒಂದು ಮಠದ ಏಕಾದಶಿ ಇಂದು, ಇನ್ನೊಂದರದ್ದು ನಾಳೆ.

ಡೈವ್ ಕಂಪ್ಯೂಟರಿನಲ್ಲೂ ಇಂಥ ಎರಡು ಪಂಥ ಇವೆ, ಕೊಳ್ಳುವವರು ಮೊದಲು ಕೇಳಬೇಕಾದದ್ದು ಇದನ್ನೇ. ಒಂದು ಬಗೆ ತಂತಿಯದು: ರೀಬ್ರೀದರ್‌ನ ಆಮ್ಲಜನಕದ ಸೆಲ್‌ಗಳಿಗೆ ಜೋಡಿಸಿರುತ್ತದೆ, ನೀವು ನಿಜವಾಗಿ ಉಸಿರಾಡುತ್ತಿರುವ ಒತ್ತಡವನ್ನು ಓದಿ ಲೆಕ್ಕ ಹಾಕುತ್ತದೆ. ಇನ್ನೊಂದು ಒಂಟಿ: ಅದಕ್ಕೆ ಯಂತ್ರದ ಸಂಬಂಧವೇ ಇಲ್ಲ. ನೀವು ದಂಡೆಯ ಮೇಲೆ "1.3 ಇರುತ್ತದೆ" ಎಂದು ಹೇಳಿದರೆ, ನೀರಿನಡಿಯಲ್ಲಿ ಏನೇ ನಡೆಯಲಿ, ಅದು 1.3 ಇದೆಯೆಂದೇ ನಂಬಿ ಕೂತಿರುತ್ತದೆ. ಎರಡರ ಪೆಟ್ಟಿಗೆಯ ಮೇಲೂ "ರೀಬ್ರೀದರ್‌ಗೆ ಸೂಕ್ತ" ಎಂದೇ ಇರುತ್ತದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಈ ವ್ಯತ್ಯಾಸ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಈಜಿಪ್ಟಿನ ದಹಬ್‌ನಲ್ಲಿ. ಐವತ್ತು ಮೀಟರ್ ಆಳದ ಡೈವ್ ಮುಗಿಸಿ ಆರು ಮೀಟರಿನ ಕೊನೆಯ ನಿಲುಗಡೆಯಲ್ಲಿದ್ದೆ. ನನ್ನದು ಕೈಯಿಂದ ಆಮ್ಲಜನಕ ಸೇರಿಸುವ ಯಂತ್ರ. ಮೇಲೆ ಬರುತ್ತಾ ಬರುತ್ತಾ ಒತ್ತಡ ತಾನಾಗಿ ಇಳಿಯುತ್ತದೆ, ಗುಂಡಿ ಒತ್ತಿ ಏರಿಸಬೇಕು. ಜೊತೆಗಾರನಿಗೆ ಕಾಲು ಸೆಳೆತ, ಸ್ವಲ್ಪ ಪ್ರವಾಹ ಬೇರೆ. ಅವನನ್ನು ಹಿಡಿದುಕೊಂಡು ಹಗ್ಗ ಬಿಡಿಸುವ ಗಡಿಬಿಡಿಯಲ್ಲಿ ನನ್ನ ಒತ್ತಡ 1.0 ಆಸುಪಾಸಿನಲ್ಲೇ ಇಪ್ಪತ್ತು ನಿಮಿಷ ತೇಲಾಡಿತು. ಎಡಗೈಯಲ್ಲಿದ್ದ ಚೆಂದದ ಗಡಿಯಾರ, ಒಂಟಿಯದು, ಹಸಿರು ಬಣ್ಣ ತೋರಿಸಿತು: ಎಲ್ಲ ಮುಗಿಯಿತು, ಮೇಲೆ ಹೋಗು. ಬಲಗೈಯ ತಂತಿಯದು ಇನ್ನೂ ಏಳು ನಿಮಿಷ ಎಂದಿತು. ಚಳಿಯಾಗಿತ್ತು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ನಂಬಬೇಕೆನಿಸಿದ್ದು ಎಡಗೈಯನ್ನು. ಚಳಿಯಲ್ಲಿರುವವನಿಗೆ ಬೇಗ ಬಿಡುವ ಮೇಷ್ಟರೇ ಜಾಣರು.

ಏಳು ನಿಮಿಷ ಕಾದೆ. ಹೋಟೆಲಿಗೆ ಬಂದು ಕಾಗದದಲ್ಲಿ ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ, ಐದನೇ ಕ್ಲಾಸಿನ ಕಳೆಯುವ ಲೆಕ್ಕ. ಐವತ್ತು ಮೀಟರಿನಲ್ಲಿ ಒಟ್ಟು ಒತ್ತಡ 6 ಬಾರ್. ಆಮ್ಲಜನಕ 1.3 ಇದ್ದರೆ ಉಳಿದ ಅನಿಲ 4.7. ಆಮ್ಲಜನಕ 1.0ಕ್ಕೆ ಇಳಿದರೆ ಉಳಿದದ್ದು 5.0. ಆರೇಳು ಶೇಕಡಾ ವ್ಯತ್ಯಾಸ, ಅಷ್ಟೇನೂ ದೊಡ್ಡದಲ್ಲ. ಈಗ ಆರು ಮೀಟರಿಗೆ ಬನ್ನಿ. ಒಟ್ಟು 1.6. ಆಮ್ಲಜನಕ 1.3 ಇದ್ದರೆ ಉಳಿದದ್ದು 0.3. ಅದು 1.0 ಆದರೆ ಉಳಿದದ್ದು 0.6. ಎರಡು ಪಟ್ಟು! ಅದೇ 0.3ರ ತಪ್ಪು ಆಳದಲ್ಲಿ ಚಿಲ್ಲರೆ, ಮೇಲೆ ಬಂದಾಗ ಸಾಲದ ಹೊರೆ. ಮೈ ಅನಿಲವನ್ನು ಹೊರಹಾಕಬೇಕಾದ ಜಾಗದಲ್ಲೇ, ಅಂದರೆ ಕೊನೆಯ ನಿಲುಗಡೆಯಲ್ಲೇ, ಒಂಟಿ ಕಂಪ್ಯೂಟರ್ ಅತಿ ಹೆಚ್ಚು ತಪ್ಪುತ್ತದೆ. ತಪ್ಪುವಾಗ ಕೆಂಪು ದೀಪ ಹಾಕುವುದಿಲ್ಲ. ಹಸಿರು ಹಾಕುತ್ತದೆ.

ಆದ್ದರಿಂದ "ಎಲ್ಲರೂ ಶಿಯರ್‌ವಾಟರ್ ತಗೊಳ್ತಾರೆ, ನೀನೂ ತಗೋ" ಎನ್ನುವ ಉತ್ತರ ನನಗೆ ಸಾಲದು. ಕೆನಡಾದ ಆ ಕಂಪನಿಯ ಸಾಮಾನು ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಅವರ ಪೆಟ್ರೆಲ್‌ಗೆ ತಂತಿಯ ಮಾದರಿಯೂ ಇದೆ, ಒಂಟಿ ಮಾದರಿಯೂ ಇದೆ. ಪರ್ಡಿಕ್ಸ್‌ಗೆ ಸೆಲ್‌ಗಳನ್ನು ಓದುವ ತಂತಿಯ ಬಾಯಿಯೇ ಇಲ್ಲ. ಹೆಸರು ನೋಡಿ ಕೊಂಡು, ಮನೆಗೆ ತಂದು, ಪ್ಲಗ್ ಹುಡುಕಿದವರನ್ನು ಕಂಡಿದ್ದೇನೆ. ಒಂದು ಲಕ್ಷ ದಾಟುವ ಸಾಮಾನು, ಮೇಲೆ ಸುಂಕ. ವಾಪಸ್ ಕಳಿಸುವುದು ಇನ್ನೊಂದು ಯಾತ್ರೆ.

ಹಾಗಾದರೆ ಎರಡೂ ಕೈಗೆ ತಂತಿಯದನ್ನೇ ಕಟ್ಟಿಕೊಂಡರಾಯಿತಲ್ಲ ಎನ್ನುವವರಿದ್ದಾರೆ. ದುಡ್ಡಿರುವವರ ಪರಿಹಾರ, ಮತ್ತು ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ತಂತಿಯ ಆ ಕಡೆ ಇರುವುದೇನು? ಸಾಮಾನ್ಯವಾಗಿ ಮೂರು ಸೆಲ್. ಒಂದೊಂದೂ ಆಮ್ಲಜನಕ ತಾಗಿದಾಗ ಕೆಲವು ಮಿಲಿವೋಲ್ಟ್ ವಿದ್ಯುತ್ ಹುಟ್ಟಿಸುವ ಪುಟ್ಟ ರಾಸಾಯನಿಕ ಡಬ್ಬಿ. ಅದು ಸವೆಯುತ್ತದೆ, ಒಂದು ಒಂದೂವರೆ ವರ್ಷಕ್ಕೆ ಬದಲಿಸಬೇಕು. ಮೂರರಲ್ಲಿ ಒಂದು ಬೇರೆ ಹೇಳಿದರೆ ಯಂತ್ರ ಮತ ಹಾಕುತ್ತದೆ, ಎರಡರ ಮಾತೇ ಗೆಲ್ಲುತ್ತದೆ. ಕಷ್ಟವೇನೆಂದರೆ ಆ ಮೂರನ್ನೂ ನೀವು ಒಂದೇ ದಿನ ಒಂದೇ ಅಂಗಡಿಯಿಂದ ತಂದಿದ್ದೀರಿ. ಒಂದೇ ತೇವ, ಒಂದೇ ಸೆಕೆ, ಒಂದೇ ವಯಸ್ಸು. ಮುದಿ ಸೆಲ್ಲಿನ ರೋಗ ವಿಚಿತ್ರ: ಕೆಳಗಿನ ಅಂಕಿಗಳನ್ನು ಸರಿಯಾಗಿಯೇ ತೋರಿಸುತ್ತದೆ, ಆದರೆ ಒಂದು ಮಟ್ಟಕ್ಕಿಂತ ಮೇಲೆ ಏರಲಾರದು. ನಿಜ 1.6 ಆದರೂ ಅದು 1.2 ಎಂದೇ ಕೂರುತ್ತದೆ. ಎರಡು ಸೆಲ್ ಹೀಗಾದವೋ, ಸರಿಯಿರುವ ಮೂರನೆಯದನ್ನು ಮತದಲ್ಲಿ ಸೋಲಿಸುತ್ತವೆ. ಯಂತ್ರ "ಇನ್ನೂ 1.3 ಮುಟ್ಟಿಲ್ಲ" ಎಂದು ಆಮ್ಲಜನಕ ಸುರಿಯುತ್ತಲೇ ಇರುತ್ತದೆ. ಎಡಗೈ, ಬಲಗೈ ಎರಡೂ 1.2 ಎನ್ನುತ್ತವೆ. ನಿಮಗೆ ನೆಮ್ಮದಿ, ಇಬ್ಬರು ಸಾಕ್ಷಿ ಒಂದೇ ಮಾತು ಹೇಳಿದರಲ್ಲ ಎಂದು. ಇಬ್ಬರೂ ಕೇಳಿದ್ದು ಒಬ್ಬನಿಂದಲೇ.

ನನ್ನ ಹಟ ಏನೆಂದರೆ, ಎರಡನೆಯ ಕಂಪ್ಯೂಟರ್ ಮೊದಲನೆಯದರ ಪ್ರತಿಧ್ವನಿ ಆಗಬಾರದು. ಯಂತ್ರದಲ್ಲಿ ಜಾಗವಿದ್ದರೆ ನಾಲ್ಕನೆಯ ಸೆಲ್ ಹಾಕಿ, ಅದರ ತಂತಿ ಎರಡನೆಯದಕ್ಕೆ ಮಾತ್ರ ಹೋಗಲಿ, ಆ ಸೆಲ್ಲಿನ ವಯಸ್ಸು ಬೇರೆ ಇರಲಿ. ಜಾಗವಿಲ್ಲದಿದ್ದರೆ ಒಂಟಿಯದೇ ಇರಲಿ, ಆದರೆ ಅದಕ್ಕೆ 1.3 ಎಂದು ಆಸೆ ತೋರಿಸಬೇಡಿ. 1.1 ಎಂದೋ 1.0 ಎಂದೋ ಹೇಳಿ. ತಪ್ಪಿದರೂ ನಿಮ್ಮನ್ನು ನೀರಿನಲ್ಲಿ ಹೆಚ್ಚು ಹೊತ್ತು ಕೂರಿಸುವ ಕಡೆಗೆ ತಪ್ಪಲಿ. ಜೊತೆಗೆ, ಯಾವ ಕಂಪ್ಯೂಟರಿನ ಹಂಗೂ ಇಲ್ಲದ ಪರೀಕ್ಷೆಯೊಂದಿದೆ. ಮೂವತ್ತು ಮೀಟರಿನಲ್ಲಿ ಒತ್ತಡ 4 ಬಾರ್. ಸುತ್ತನ್ನು ಪೂರ್ತಿ ಖಾಲಿಮಾಡಿ ಸಾಮಾನ್ಯ ಗಾಳಿ ತುಂಬಿದರೆ ಪರದೆ 0.84 ತೋರಿಸಲೇಬೇಕು. ತೋರಿಸದಿದ್ದರೆ ಸುಳ್ಳು ಹೇಳುತ್ತಿರುವುದು ಸೆಲ್, ಭೌತಶಾಸ್ತ್ರ ಅಲ್ಲ. ಮುದಿ ಸೆಲ್ ಹಿಡಿಯಲು ಆರು ಮೀಟರಿನಲ್ಲಿ ಶುದ್ಧ ಆಮ್ಲಜನಕ ತುಂಬಿ ನೋಡುತ್ತೇವೆ, 1.6ರ ಹತ್ತಿರ ಏರಬೇಕು. ಇದಕ್ಕೆ ಬೇಕಾದದ್ದು ಮಿಲಿವೋಲ್ಟನ್ನು ಮುಚ್ಚಿಡದೆ, ಮೂರೂ ಸೆಲ್ಲಿನ ಅಂಕಿಯನ್ನು ಬೇರೆ ಬೇರೆಯಾಗಿ ತೋರಿಸುವ ಪರದೆ. ಸರಾಸರಿ ಮಾಡಿ ಒಂದೇ ಸುಂದರ ಅಂಕಿ ತೋರಿಸುವ ಪರದೆ ನನಗೆ ಬೇಡ.

ಇಲ್ಲಿ ದಕ್ಷಿಣ ಆಫ್ರಿಕದ ಬುಷ್‌ಮನ್ಸ್ ಹೋಲ್ ನೆನಪಾಗದೆ ಇರದು. 2005ರ ಜನವರಿ 8ರಂದು ಡೇವ್ ಶಾ ಅಲ್ಲಿ 270 ಮೀಟರ್ ಆಳಕ್ಕಿಳಿದರು. ಹತ್ತು ವರ್ಷದ ಹಿಂದೆ ಅಲ್ಲಿ ಸತ್ತ ಡಿಯೋನ್ ಡ್ರೇಯರ್ ಎಂಬ ಯುವಕನ ದೇಹವನ್ನು ಮೇಲೆ ತರಲು. ಶಾ ಹಿಂದಿರುಗಲಿಲ್ಲ. ಅವರ ತಲೆಯ ಕ್ಯಾಮೆರಾದ ದಾಖಲೆಯನ್ನು ಆಮೇಲೆ ವೈದ್ಯರು ಅಭ್ಯಾಸ ಮಾಡಿದರು. ಅಷ್ಟು ಆಳದಲ್ಲಿ ಅನಿಲ ದಪ್ಪವಾಗಿರುತ್ತದೆ, ಕೆಲಸ ಮಾಡಿದಷ್ಟೂ ಉಸಿರು ಸಾಲದೆ, ಇಂಗಾಲದ ಡೈಆಕ್ಸೈಡ್ ಮೈಯಲ್ಲಿ ಸೇರುತ್ತಾ ಹೋಗಿ ಅವರು ಪ್ರಜ್ಞೆ ಕಳೆದುಕೊಂಡಿದ್ದರು. ನಾವು ಕೈಗೆ ಕಟ್ಟಿಕೊಳ್ಳುವ ಕಂಪ್ಯೂಟರ್ ಯಾವುದೂ ಮೈಯೊಳಗಿನ ಆ ಅಂಕಿಯನ್ನು ತೋರಿಸುವುದಿಲ್ಲ.

ಆ ದಿನದ ಇನ್ನೊಂದು ಭಾಗವನ್ನು ಜನ ಮರೆಯುತ್ತಾರೆ. ಶಾ ಅವರ ಬೆಳಕು ಅಲುಗಾಡದ್ದನ್ನು ಕಂಡು ಜೊತೆಗಾರ ಡಾನ್ ಶರ್ಲಿ ಕೆಳಗಿಳಿದರು. ಸುಮಾರು 250 ಮೀಟರಿನಲ್ಲಿ ಒತ್ತಡಕ್ಕೆ ಅವರ ರೀಬ್ರೀದರ್‌ನ ನಿಯಂತ್ರಣದ ಪೆಟ್ಟಿಗೆಯೇ ಒಡೆಯಿತು. ಅಲ್ಲಿಂದ ಆಮ್ಲಜನಕವನ್ನು ಕೈಯಿಂದ ಹಾಕಿಕೊಂಡು ಮೇಲೆ ಹೊರಟು, ಒಳಗಿವಿಯಲ್ಲಿ ಗುಳ್ಳೆ ಸೇರಿ ತಲೆ ಗಿರ್ರೆಂದು ತಿರುಗುತ್ತಿದ್ದಾಗಲೂ, ಗಂಟೆಗಟ್ಟಲೆ ನಿಲುಗಡೆಗಳಲ್ಲಿ ನಿಂತು ಬಂದು ಬದುಕಿದರು. ಇದನ್ನು ಓದಿ "ನೋಡಿದಿರಾ, ಕಂಪ್ಯೂಟರೇ ಬೇಡ, ತಲೆ ಸಾಕು" ಎನ್ನುವ ಹಳೇ ಹುಲಿಗಳಿದ್ದಾರೆ. ಅವರೊಡನೆಯೂ ನನಗೆ ಒಪ್ಪಿಗೆಯಿಲ್ಲ. ಬದಲಾಗುತ್ತಲೇ ಇರುವ ಆಮ್ಲಜನಕಕ್ಕೆ ತಕ್ಕಂತೆ ಲೆಕ್ಕ ಹಾಕುವುದು ಯಾವ ತಲೆಗೂ ಆಗದು. ಆದರೆ ಪೆಟ್ಟಿಗೆ ಒಡೆದರೂ ಯಂತ್ರ ನಡೆಯಬೇಕು, ಯೋಜನೆ ಸ್ಲೇಟಿನ ಮೇಲೂ ಇರಬೇಕು.

ಇನ್ನು ಗಣಿತದ ವಿಚಾರ. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ನಿಲುಗಡೆಯ ಗಣಿತ ಶುರುವಾದದ್ದು ಆಡುಗಳಿಂದ. ಮೇಲೆ ಹೇಳಿದ ಹಾಲ್ಡೇನರ ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಬ್ರಿಟಿಷ್ ನೌಕಾಪಡೆಗಾಗಿ ಆಡುಗಳನ್ನು ಒತ್ತಡದ ಕೋಣೆಗೆ ಹಾಕಿ ಪರೀಕ್ಷಿಸಿ, 1908ರಲ್ಲಿ ಮೊದಲ ಕೋಷ್ಟಕ ಪ್ರಕಟಿಸಿದರು. ಅದೇ ಕಲ್ಪನೆಯನ್ನು ಜ್ಯೂರಿಕ್‌ನ ಆಲ್ಬರ್ಟ್ ಬ್ಯೂಲ್‌ಮನ್ ಬೆಳೆಸಿದರು. ಮೈಯನ್ನು ಹದಿನಾರು ಕಾಲ್ಪನಿಕ ಕೋಣೆಗಳಾಗಿ ಭಾಗಿಸಿದರು, ಕೆಲವು ನಿಮಿಷಗಳಲ್ಲಿ ತುಂಬುವವು, ಕೆಲವು ಗಂಟೆಗಟ್ಟಲೆ ಹಿಡಿಯುವವು. ತಮ್ಮ ಅಂಕಿಗಳನ್ನೆಲ್ಲ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಅದಕ್ಕೇ ಇವತ್ತು ಯಾರು ಬೇಕಾದರೂ ಆ ಲೆಕ್ಕವನ್ನು ತಾಳೆ ನೋಡಬಹುದು. 1990ರ ದಶಕದಲ್ಲಿ ಎರಿಕ್ ಬೇಕರ್ ಇದಕ್ಕೆ ಎರಡು ತಿರುಪು ಜೋಡಿಸಿದರು, ಗ್ರೇಡಿಯೆಂಟ್ ಫ್ಯಾಕ್ಟರ್ ಎಂದು ಹೆಸರು. ಬ್ಯೂಲ್‌ಮನ್ ಹಾಕಿದ ಮಿತಿಯ ಎಷ್ಟು ಶೇಕಡಾವನ್ನು ಮೊದಲ ನಿಲುಗಡೆಯಲ್ಲಿ ಬಳಸುತ್ತೀರಿ, ಎಷ್ಟನ್ನು ಮೇಲೆ ಬರುವಾಗ ಬಳಸುತ್ತೀರಿ ಎಂದು ನೀವೇ ಹೇಳಬಹುದು.

ಅದೇ ದಶಕದಲ್ಲಿ ಇನ್ನೊಂದು ಗಾಳಿ ಬೀಸಿತು. ಹವಾಯಿಯ ಮೀನು ವಿಜ್ಞಾನಿ ರಿಚರ್ಡ್ ಪೈಲ್ ಆಳದಿಂದ ಮೀನು ಹಿಡಿದು ತರುವಾಗ, ಅವುಗಳ ಗಾಳಿಚೀಲ ಒಡೆಯದಿರಲೆಂದು ನಡುದಾರಿಯಲ್ಲಿ ನಿಂತು ಸೂಜಿ ಚುಚ್ಚುತ್ತಿದ್ದರು. ಹಾಗೆ ನಿಂತ ದಿನ ಸುಸ್ತು ಕಡಿಮೆ ಎಂದು ಅವರಿಗೆ ಅನ್ನಿಸಿತು. ಅವರದು ಪ್ರಾಮಾಣಿಕ ಗಮನಿಕೆ. ಆದರೆ ಅಲ್ಲಿಂದ "ಆಳದಲ್ಲೇ ಮೊದಲು ನಿಲ್ಲಿ" ಎಂಬುದು ಮಂತ್ರವಾಯಿತು. ಗುಳ್ಳೆಯ ಸಿದ್ಧಾಂತಗಳು ಅದಕ್ಕೆ ಶಾಸ್ತ್ರದ ಬಲ ಕೊಟ್ಟವು, ಕಂಪ್ಯೂಟರುಗಳೊಳಗೆ ಹೊಕ್ಕವು, ಹಲವು ಕಡೆ ಬೀಗ ಹಾಕಿದ ಪೆಟ್ಟಿಗೆಯಂತೆ. 2011ರಲ್ಲಿ ಅಮೆರಿಕ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ ತನ್ನ ವರದಿ ಪ್ರಕಟಿಸಿತು. 170 ಅಡಿ ಆಳ, 30 ನಿಮಿಷ, ನಿಲುಗಡೆಯ ಒಟ್ಟು ಹೊತ್ತು ಎರಡು ಗುಂಪಿಗೂ ಒಂದೇ, 174 ನಿಮಿಷ. ಒಂದು ಗುಂಪು ಆ ಹೊತ್ತನ್ನು ಹೆಚ್ಚಾಗಿ ಆಳದಲ್ಲಿ ಕಳೆಯಿತು, ಇನ್ನೊಂದು ಮೇಲೆ. ಆಳದಲ್ಲಿ ನಿಂತವರ 198 ಡೈವ್‌ಗಳಲ್ಲಿ 10 ಮಂದಿಗೆ ಬೇನೆ. ಮೇಲೆ ನಿಂತವರ 192ರಲ್ಲಿ 3. ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಅವರು ಉಸಿರಾಡಿದ್ದು ಗಾಳಿ, ನಮ್ಮ ಹೀಲಿಯಂ ಮಿಶ್ರಣವಲ್ಲ, ನಾವು ಹಾಕುವ ಯೋಜನೆಯೂ ಅದೇ ಅಲ್ಲ ಎಂಬ ಆಕ್ಷೇಪವಿದೆ, ನ್ಯಾಯವೇ. ಆದರೂ ದಿಕ್ಕು ತಿರುಗಿತು.

ಆಗ ಆದದ್ದು ನೋಡಿ. ತಿರುಪು ಇರುವ ಕಂಪ್ಯೂಟರಿನವರು ಕೆಳಗಿನ ಅಂಕಿಯನ್ನು 10, 20ರಿಂದ 40, 50ಕ್ಕೆ ಏರಿಸಿಕೊಂಡರು, ಒಂದು ನಿಮಿಷದ ಕೆಲಸ. ಬೀಗದ ಪೆಟ್ಟಿಗೆಯವರು ಕಂಪನಿಯ ಬಾಗಿಲು ಕಾಯುತ್ತಾ ಕುಳಿತರು. "ನಮ್ಮದು ವಿಶೇಷ ಸಿದ್ಧಾಂತ, ನಿಮಗೆ ಅರ್ಥವಾಗಬೇಕಿಲ್ಲ" ಎನ್ನುವ ಕಂಪನಿಗೆ ನನ್ನ ಉತ್ತರ ಒಂದೇ: ಗುಳ್ಳೆ ಬರುವುದು ನನ್ನ ಬೆನ್ನುಹುರಿಗೆ, ನಿಮ್ಮ ಗುಟ್ಟು ನಿಮ್ಮಲ್ಲೇ ಇರಲಿ. ಗುಟ್ಟು ಬಿಟ್ಟುಕೊಟ್ಟವರೂ ಇದ್ದಾರೆ. ಜರ್ಮನಿಯ ಹೈನ್ರಿಕ್ಸ್ ವೈಕಾಂಪ್ ತನ್ನ ಒಎಸ್‌ಟಿಸಿ ಕಂಪ್ಯೂಟರಿನ ತಂತ್ರಾಂಶವನ್ನೇ ಬಯಲಿಗಿಟ್ಟಿದೆ. ತಂತ್ರಾಂಶ ತಪ್ಪುವುದಿಲ್ಲವೆಂದು ಯಾರೂ ಹೇಳದಿರಲಿ. ಅಲಾದಿನ್ ಏರ್ ಎಕ್ಸ್ ನೈಟ್ರಾಕ್ಸ್ ಎಂಬ ಕಂಪ್ಯೂಟರನ್ನು 2003ರಲ್ಲಿ ವಾಪಸ್ ಕರೆಸಿಕೊಳ್ಳಬೇಕಾಯಿತು. 1995ರಲ್ಲಿ ತಯಾರಾದ ಆ ಪೆಟ್ಟಿಗೆಗಳು, ನೀವು ನೀರಿನಿಂದ ಹೊರಬಂದು ಕಾಫಿ ಕುಡಿಯುತ್ತಿದ್ದಾಗಲೂ ನೈಟ್ರಾಕ್ಸನ್ನೇ ಉಸಿರಾಡುತ್ತಿದ್ದೀರೆಂದು ಲೆಕ್ಕ ಹಾಕುತ್ತಿದ್ದವು. ಮುಂದಿನ ಡೈವ್‌ಗೆ ಮೈಯಲ್ಲಿ ಉಳಿದ ಸಾರಜನಕ ಕಡಿಮೆ ಎಂದು ತಿಳಿಯುತ್ತಿದ್ದವು.

ಸಣ್ಣ ಜಗಳಗಳು ಇನ್ನೆರಡಿವೆ, ಬೇಗ ಮುಗಿಸುತ್ತೇನೆ. ನಿಲುಗಡೆ ತಪ್ಪಿಸಿದರೆ ಮುನಿಸಿಕೊಂಡು 24 ಗಂಟೆ, 48 ಗಂಟೆ ಮಾತು ಬಿಡುವ ಕಂಪ್ಯೂಟರುಗಳಿವೆ. ವಿಹಾರಕ್ಕೆ ಮುಳುಗುವವರಿಗೆ ಅದು ಸರಿಯಿರಬಹುದು. ಯಂತ್ರ ಕೈಕೊಟ್ಟು, ಬದಲಿ ಸಿಲಿಂಡರಿನಿಂದ ಉಸಿರಾಡುತ್ತಾ ಮೇಲೆ ಬರುತ್ತಿರುವವನಿಗೆ ಬೇಕಾದದ್ದು ಶಿಕ್ಷೆಯಲ್ಲ, ಹೊಸ ಲೆಕ್ಕ. ಆ ಬದಲಾವಣೆ ಒಂದೆರಡು ಗುಂಡಿಯಲ್ಲಿ ಮುಗಿಯಬೇಕು, ದಪ್ಪ ಕೈಗವಸು ಹಾಕಿಕೊಂಡು. ಅಂಗಡಿಯಲ್ಲಿ ಬರಿಗೈಯಲ್ಲಿ ಒತ್ತಿ ನೋಡಿ ಏನೂ ಪ್ರಯೋಜನವಿಲ್ಲ. ಇನ್ನೊಂದು, ಬ್ಯಾಟರಿ. ಅಂಡಮಾನಿನ ದೋಣಿಯ ಮೇಲೆ ಚಾರ್ಜರ್ ಹುಡುಕುವುದಕ್ಕಿಂತ ಪೆಟ್ಟಿಗೆ ಅಂಗಡಿಯಲ್ಲೂ ಸಿಗುವ ಎಎ ಸೆಲ್ ಹಾಕುವುದು ವಾಸಿ. ಪೆಟ್ರೆಲ್, ಪರ್ಡಿಕ್ಸ್ ಎರಡಕ್ಕೂ ಅದು ನಡೆಯುತ್ತದೆ. ನಮ್ಮ ದೇಶದಲ್ಲಿ ಗುಳ್ಳೆಯ ಬೇನೆ ಬಂದರೆ ಹೋಗಬೇಕಾದ ಒತ್ತಡದ ಕೋಣೆಗಳೂ ದೂರ ದೂರ: ಪೋರ್ಟ್ ಬ್ಲೇರ್‌ನ ಐಎನ್‌ಎಚ್‌ಎಸ್ ಧನ್ವಂತರಿ, ಮುಂಬೈನ ಐಎನ್‌ಎಚ್‌ಎಸ್ ಅಶ್ವಿನಿ, ಹೀಗೆ ಹೆಚ್ಚಾಗಿ ನೌಕಾಪಡೆಯವು. ನೇತ್ರಾಣಿಯ ನೀರಿನಲ್ಲಿ ಅಭ್ಯಾಸಕ್ಕಿಳಿಯುವ ನಮ್ಮವರು ಮುರುಡೇಶ್ವರದ ದಂಡೆಯಿಂದ ಅಲ್ಲಿಗೆಷ್ಟು ಹೊತ್ತು ಎಂದು ಒಮ್ಮೆ ಲೆಕ್ಕ ಹಾಕಲಿ.

ಇದೆಲ್ಲವನ್ನೂ ಆ ರಾತ್ರಿ ಫೋನಿನಲ್ಲಿ ಹೇಳಲಾಗಲಿಲ್ಲ. ಗೆಳೆಯರಿಗೆ ಒಂದೇ ಪ್ರಶ್ನೆ ಕೇಳಿದೆ: ನಿಮ್ಮ ಯಂತ್ರದ ಸೆಲ್‌ಗಳ ಮೇಲೆ ಬರೆದಿರುವ ದಿನಾಂಕ ಏನು? ಗೊತ್ತಿರಲಿಲ್ಲ. ಫೋನ್ ಹಿಡಿದೇ ಹೋಗಿ ತಲೆಯ ಭಾಗ ಬಿಚ್ಚಿದರು. ಬಿಚ್ಚುವ ಸದ್ದು, ಆಮೇಲೆ ಕನ್ನಡಕ ಹುಡುಕುವ ಸದ್ದು. ಮೂರರಲ್ಲಿ ಎರಡು ಒಂದೇ ತಿಂಗಳಿನವು, ಎರಡು ವರ್ಷ ದಾಟಿದವು. ಮೂರನೆಯದು ಹತ್ತು ತಿಂಗಳಿನದು. ಕಳೆದ ಡೈವ್‌ನಲ್ಲಿ ಅದೊಂದೇ ಬೇರೆ ಅಂಕಿ ತೋರಿಸುತ್ತಿತ್ತಂತೆ, ಕೆಟ್ಟಿದೆಯೆಂದು ತೆಗೆದು ಎಸೆಯಬೇಕೆಂದಿದ್ದರಂತೆ.

ಹೊಸ ಸೆಲ್‌ಗಳಿಗೆ ಆರ್ಡರ್ ಹೋಗಿದೆ. ಕಂಪ್ಯೂಟರ್ ಇನ್ನೂ ಕೊಂಡಿಲ್ಲ.